ಮದುವೆ ಬೇಡವೆಂದಾಗ ಕೇಳಿದರು, ಎಲ್ಲಿರುತ್ತೀ ಎಂದು ಯಾರೂ ಕೇಳಲಿಲ್ಲ: ಬಾಲಮಂದಿರದ ಹುಡುಗಿಯ ಮಾತಿಗೆ ಕಾನೂನಿನಲ್ಲಿ ಎಷ್ಟು ಜಾಗ?

ಗದಗ ಗಣಿತ ಶಿಕ್ಷಕಿ (ಪ್ರಶ್ನೆ)

ನಾನು ಗದಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಊರಿನ ಹೆಸರನ್ನೂ ಹುಡುಗಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ದಯವಿಟ್ಟು ಯಾರೂ ಊಹಿಸಿ ಬರೆಯಬಾರದು.

ಹತ್ತನೆಯ ತರಗತಿಯ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಹದಿನಾರು ಕೂಡ ತುಂಬಿಲ್ಲ. ತಾಯಿ ತೀರಿಹೋಗಿದ್ದಾಳೆ, ಗುಳೆ ಹೋದ ತಂದೆ ವರ್ಷಕ್ಕೊಮ್ಮೆ ಮುಖ ತೋರಿಸುತ್ತಾನೆ, ಸಾಕಿ ಬೆಳೆಸಿದವಳು ತಾಯಿಯ ತಾಯಿ, ಅವಳು ಕರೆಯುವಂತೆ ಆಯಿ. ದೀಪಾವಳಿಯ ಮರುವಾರ ಹುಡುಗಿಯನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅವಳು ನಮ್ಮ ಶಾಲೆಯ ಗೋಡೆಯ ಮೇಲಿದ್ದ ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ರಫ್ ವಹಿಯ ಕೊನೆಯ ಪುಟದಲ್ಲಿ ಬರೆದುಕೊಂಡು ಹೋಗಿ, ಗೆಳತಿಯ ಮನೆಯ ಫೋನಿನಿಂದ ತಾನೇ ಕರೆ ಮಾಡಿದಳು. ಅಧಿಕಾರಿಗಳು ಬಂದರು, ಮದುವೆ ನಿಂತಿತು, ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ (ಇಂಥ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲೆಯ ಸಮಿತಿ) ಮುಂದೆ ಹಾಜರುಪಡಿಸಿ ಬಾಲಕಿಯರ ಗೃಹವೊಂದಕ್ಕೆ ಕಳುಹಿಸಿದರು. ಇಲ್ಲಿಯವರೆಗೆ ನನ್ನ ತಕರಾರಿಲ್ಲ. ಊರಿನಲ್ಲಿ ನಾಲ್ಕು ಜನ ನನ್ನನ್ನೂ ಹೊಗಳಿದರು, ನಾನು ಮಾಡಿದ್ದು ಏನೂ ಇರಲಿಲ್ಲವಾದರೂ.

ಆ ಗೃಹ ನಮ್ಮೂರಿನಿಂದ ಬಸ್ಸಿನಲ್ಲಿ ಎರಡು ತಾಸಿನ ದಾರಿ. ದಿನವೂ ನಮ್ಮ ಶಾಲೆಗೆ ಬಂದು ಹೋಗುವುದು ಆಗದ ಮಾತಾದ್ದರಿಂದ ಗೃಹದ ಹತ್ತಿರದ ಶಾಲೆಯೊಂದರಲ್ಲಿ ಅವಳನ್ನು ಕೂರಿಸಿದ್ದಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ನೋಂದಣಿ ನಮ್ಮ ಶಾಲೆಯಿಂದಲೇ ಆಗಿದೆ. ಕಳೆದ ಭಾನುವಾರ ಅನುಮತಿ ಪಡೆದು ನೋಡಲು ಹೋದೆ. ಗೃಹದವರು ಚಹಾ ಕೊಟ್ಟು ಚೆನ್ನಾಗಿಯೇ ಮಾತನಾಡಿಸಿದರು, ಅವರನ್ನು ಕೆಟ್ಟವರೆನ್ನಲಾರೆ. ಹುಡುಗಿ ಸುಮಾರು ಹೊತ್ತು ಸುಮ್ಮನೆ ಕುಳಿತಿದ್ದು, ನಾನು ಎದ್ದು ಹೊರಡುವಾಗ ಹೇಳಿದ ಮಾತು ಇದು: "ಅಕ್ಕೋರ, ನಾ ಮದಿವಿ ಒಲ್ಲೆ ಅಂದಾಗ ಎಲ್ಲಾರೂ ಕೇಳಿದ್ರು. ಎಲ್ಲಿ ಇರತೀ ಅಂತ ಒಬ್ಬರೂ ಕೇಳಲಿಲ್ಲ." ಹೇಳುತ್ತಲೇ ನಾಲ್ಕು ಮಡಿಕೆ ಮಾಡಿದ್ದ ಒಂದು ಹಾಳೆಯನ್ನು ನನ್ನ ಕೈಗಿಟ್ಟಳು. ಪರೀಕ್ಷೆಯನ್ನು ನಮ್ಮ ಶಾಲೆಯಿಂದಲೇ ಬರೆಯಬೇಕು ಎಂದು ಅದರಲ್ಲಿತ್ತು. ಶಾಲೆಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಸರ್ಕಾರಿ ಬಾಲಕಿಯರ ಹಾಸ್ಟೆಲ್‌ನಲ್ಲಿ ತನ್ನನ್ನು ಇರಿಸಬೇಕು ಎಂದಿತ್ತು. ಆಯಿಯ ಮನೆಗೆ ತಾನು ಹೋಗುವುದಿಲ್ಲ, ಆದರೆ ಆಯಿ ತನ್ನನ್ನು ನೋಡಲು ಬರಬೇಕು ಎಂದಿತ್ತು.

ಆ ಹಾಸ್ಟೆಲ್ ನಮಗೆ ಯಾರಿಗೂ ಹೊಳೆದಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಇಂಥ ಹಾಳೆಗೆ ಕಾನೂನಿನ ಕಣ್ಣಿನಲ್ಲಿ ಏನಾದರೂ ಬೆಲೆಯಿದೆಯೇ? ಇದ್ದರೆ ಅದನ್ನು ಯಾರ ಮುಂದೆ, ಯಾವ ರೀತಿಯಲ್ಲಿ ಇಡಬೇಕು? ನಾನು ಅವಳ ಬಂಧುವಲ್ಲ, ಕೇವಲ ಶಿಕ್ಷಕಿ. ನನಗೆ ಬಾಯಿ ಹಾಕುವ ಅಧಿಕಾರವಾದರೂ ಇದೆಯೇ?

ಸಮಿತಿಯ ಮಾಜಿ ಸದಸ್ಯ, ಧಾರವಾಡ

ಅಕ್ಕಾವರೇ, ಊರು, ಹೆಸರು ಬಿಟ್ಟು ಬರೆದಿದ್ದು ಒಳ್ಳೆಯದಾಯಿತು. ಇಂಥ ಮಕ್ಕಳ ಗುರುತು ಬಯಲಾಗುವಂತೆ ಪ್ರಕಟಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ನಿಷೇಧಿಸುತ್ತದೆ, ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ನಾನು ಹಿಂದೆ ಈ ಭಾಗದ ಒಂದು ಜಿಲ್ಲೆಯ ಸಮಿತಿಯಲ್ಲಿ ಸದಸ್ಯನಾಗಿದ್ದೆ, ಆ ಅನುಭವದಿಂದ ಬರೆಯುತ್ತಿದ್ದೇನೆ.

ಹಾಳೆಗೆ ಬೆಲೆಯಿದೆ. 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ 3ನೆಯ ಕಲಮಿನಲ್ಲಿ ಇಡೀ ಕಾಯ್ದೆಯನ್ನು ನಡೆಸಬೇಕಾದ ತತ್ವಗಳಿವೆ, ಅವುಗಳಲ್ಲಿ ಒಂದು ಭಾಗವಹಿಸುವಿಕೆಯ ತತ್ವ: ತನ್ನ ಹಿತಕ್ಕೆ ಸಂಬಂಧಿಸಿದ ಎಲ್ಲ ಪ್ರಕ್ರಿಯೆ, ತೀರ್ಮಾನಗಳಲ್ಲಿ ತನ್ನ ಮಾತನ್ನು ಹೇಳುವ ಹಾಗೂ ಪಾಲ್ಗೊಳ್ಳುವ ಹಕ್ಕು ಪ್ರತಿಯೊಂದು ಮಗುವಿಗೂ ಇದೆ, ಮತ್ತು ವಯಸ್ಸು ಹಾಗೂ ತಿಳಿವಳಿಕೆಗೆ ತಕ್ಕಂತೆ ಆ ಅಭಿಪ್ರಾಯವನ್ನು ಗಣನೆಗೆ ತೆಗೆದುಕೊಳ್ಳಬೇಕು. ಭಾರತ 1992ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಅದೇ 3ನೆಯ ಕಲಮಿನಲ್ಲಿ ಇನ್ನೊಂದು ತತ್ವವಿದೆ, ಮಗುವನ್ನು ಸಂಸ್ಥೆಯಲ್ಲಿ ಇರಿಸುವುದು ಕೊನೆಯ ಉಪಾಯವಾಗಬೇಕೆಂಬುದು. ನಿಮ್ಮ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಈ ಎರಡನ್ನೂ ಜೋಡಿಸಿ ಓದಬೇಕು.

ಈಗ ಕೆಲಸದ ಮಾತು. ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸಿದ ಮೇಲೆ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು, ಅಂತಿಮ ಆದೇಶ ಮೊದಲ ಹಾಜರಾತಿಯಿಂದ ನಾಲ್ಕು ತಿಂಗಳೊಳಗೆ ಆಗಬೇಕು. ದೀಪಾವಳಿಯಿಂದ ಲೆಕ್ಕ ಹಾಕಿದರೆ ಅಂತಿಮ ಆದೇಶ ಇನ್ನೂ ಆಗಿರಲಿಕ್ಕಿಲ್ಲ. ಆದ್ದರಿಂದ ಮೇಲ್ಮನವಿಯ ಮಾತು ಈಗ ಬೇಡ, ಸಮಿತಿಗೇ ಒಂದು ಅರ್ಜಿ ಸಾಕು. ಶಿಕ್ಷಕಿಯಾಗಿ ನೀವು ಮಗುವಿನ ಶಾಲೆ, ಪರೀಕ್ಷೆ ಮತ್ತು ಅವಳು ನಿಮಗೆ ಹೇಳಿದ ಮಾತುಗಳ ಬಗ್ಗೆ ಲಿಖಿತವಾಗಿ ತಿಳಿಸಬಹುದು, ಅದಕ್ಕೆ ಬಂಧುವಾಗಿರಬೇಕಿಲ್ಲ. ಅರ್ಜಿಯ ಜೊತೆಗೆ ಅವಳ ಹಾಳೆಯನ್ನು, ಅವಳ ಒಪ್ಪಿಗೆ ಪಡೆದು, ಅವಳ ಅಕ್ಷರದಲ್ಲಿಯೇ ಲಗತ್ತಿಸಿ. ತಿದ್ದಿ ಟೈಪು ಮಾಡಿಸಲು ಹೋಗಬೇಡಿ. ಸಮಿತಿ ತಿಂಗಳಿಗೆ ಕನಿಷ್ಠ 20 ದಿನ ಸೇರಬೇಕೆಂದು ನಿಯಮವಿರುವುದರಿಂದ ಬಹಳ ಕಾಯಬೇಕಾಗಲಿಕ್ಕಿಲ್ಲ. ಅಲ್ಲಿ ಸ್ಪಂದನೆ ಸಿಗದಿದ್ದರೆ ಸಮಿತಿಯ ಕುರಿತ ಅಹವಾಲು ಕೇಳುವ ಅಧಿಕಾರ ಜಿಲ್ಲಾಧಿಕಾರಿಗಳಿಗಿದೆ. ಅಂತಿಮ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಹೋಗಬಹುದು.

ಹಾಸ್ಟೆಲ್ ಕುರಿತು ಒಂದು ಸೂಕ್ಷ್ಮವಿದೆ. ಇಲಾಖೆಯ ಹಾಸ್ಟೆಲ್ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾದ ಮಕ್ಕಳ ಗೃಹವಲ್ಲ, ಆದ್ದರಿಂದ ಗೃಹದವರು 'ಆಗುವುದಿಲ್ಲ' ಎಂದುಬಿಡಬಹುದು. ಆದರೆ 51ನೆಯ ಕಲಮಿನಡಿ ಸರ್ಕಾರಿ ಸಂಸ್ಥೆಯೊಂದನ್ನು ವಿಚಾರಣೆ ನಡೆಸಿ, ನಿರ್ದಿಷ್ಟ ಉದ್ದೇಶಕ್ಕಾಗಿ, ತಾತ್ಕಾಲಿಕವಾಗಿ 'ಯೋಗ್ಯ ಸಂಸ್ಥೆ' ಎಂದು ಸಮಿತಿ ಮಾನ್ಯ ಮಾಡಬಹುದು. ಪರೀಕ್ಷೆ ಮುಗಿಯುವವರೆಗೆ ಎಂಬುದು ನಿರ್ದಿಷ್ಟ ಉದ್ದೇಶವೇ. ಈ ಒಂದು ವಾಕ್ಯವನ್ನು ಅರ್ಜಿಯಲ್ಲಿ ತಪ್ಪದೆ ಸೇರಿಸಿ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಕೇಳಿಸಿಕೊಳ್ಳಬೇಕೆಂಬ ಹಕ್ಕು ಹೇಳಿದ್ದೆಲ್ಲ ನಡೆಯಬೇಕೆಂಬ ಹಕ್ಕಾಗುವುದಿಲ್ಲ. ವಯಸ್ಸಿಗೆ ಮೊದಲೇ ಮದುವೆಯಾಗುವ ಅಪಾಯದಲ್ಲಿರುವ ಮಗುವನ್ನು ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವೆಂದೇ ಕಾಯ್ದೆ ಕರೆಯುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ನಮ್ಮ ರಾಜ್ಯ ತಂದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಆದರೆ ಕಾಗದದ ಮೇಲೆ ಅಸಿಂಧುವಾದದ್ದು ಊರಿನಲ್ಲಿ ಗುಡಿಯ ಮುಂದೆ ನಡೆದುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಹಾಸ್ಟೆಲ್ ಅದೇ ಊರಿನಲ್ಲಿದೆ, ಮಾವನ ಮನೆಯೂ ಅಲ್ಲೇ ಇದೆ. ಸಮಿತಿ ಮೊದಲು ಕೇಳುವ ಪ್ರಶ್ನೆ ಇದೇ ಆಗಿರುತ್ತದೆ. ಉತ್ತರವನ್ನು ಹುಡುಗಿಯಿಂದಲೇ ಮೊದಲು ಕೇಳಿ ಇಟ್ಟುಕೊಳ್ಳಿ.

ಹುಬ್ಬಳ್ಳಿ ಲೇತ್ ಆಪರೇಟರ್

ನಾನು ಹತ್ತು ವರ್ಷದವನಿದ್ದಾಗಿನಿಂದ ಹದಿನೆಂಟು ತುಂಬುವವರೆಗೆ ಗೃಹದಲ್ಲಿ ಬೆಳೆದವನು, ಈಗ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಕೆಲಸ ಮಾಡುತ್ತೇನೆ. ಯಾವ ಗೃಹ ಎಂದು ಹೇಳುವುದಿಲ್ಲ. ಸರ್ ಹೇಳಿದ ಕಲಮುಗಳು ನನಗೆ ಗೊತ್ತಾದದ್ದು ಹೊರಗೆ ಬಂದ ಮೇಲೆ.

ವರ್ಷಕ್ಕೆ ಕೆಲವು ಸಲ ಸಮಿತಿಯವರು ಬರುತ್ತಿದ್ದರು. ಎತ್ತರದ ಕಟ್ಟೆಯ ಮೇಲೆ ಕೂರಬಾರದು, ಮಗುವಿನ ಮುಂದೆ ಕಟಕಟೆಯಂಥದ್ದು ಇರಬಾರದು ಎಂಬ ನಿಯಮವನ್ನು ಅವರು ಪಾಲಿಸುತ್ತಿದ್ದರು, ನಮ್ಮಂಥದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, "ಏನಪ್ಪಾ, ಇಲ್ಲಿ ಚಲೋ ಅದಿಯೇನು?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದರು. ನನ್ನ ಹಿಂದೆ ಒಂದು ಮಾರು ದೂರದಲ್ಲಿ ನಮ್ಮ ಮೇಲ್ವಿಚಾರಕರು ಕೈಕಟ್ಟಿ ನಿಂತಿರುತ್ತಿದ್ದರು. "ಚಲೋ ಅದೇನ್ರೀ" ಎನ್ನುವುದನ್ನು ಬಿಟ್ಟರೆ ಬೇರೆ ಉತ್ತರ ಎಲ್ಲಿಂದ ಬಂದೀತು? ಎಂಟು ವರ್ಷ ನನ್ನ ಕಡತದಲ್ಲಿ ಅದೇ ಉತ್ತರ ಬಿದ್ದಿರಬೇಕು.

ಸಲಹಾ ಪೆಟ್ಟಿಗೆಯ ಕಥೆಯೂ ಹಾಗೆಯೇ. ಪೆಟ್ಟಿಗೆ ಕಚೇರಿಯಿಂದ ದೂರ, ಮಕ್ಕಳು ಮಲಗುವ ಕೋಣೆಯ ಹತ್ತಿರ ಇರಬೇಕು, ಕೀಲಿ ಗೃಹದವರ ಕೈಯಲ್ಲಿರಬಾರದು, ನಿರ್ವಹಣಾ ಸಮಿತಿಯ ಅಧ್ಯಕ್ಷರ ಬಳಿ ಇರಬೇಕು, ವಾರಕ್ಕೊಮ್ಮೆ ಗೃಹದ ಮಕ್ಕಳದೇ ಆದ ಮಕ್ಕಳ ಸಮಿತಿಯ ಎದುರಿನಲ್ಲಿಯೇ ತೆರೆಯಬೇಕು ಎಂದು 2016ರ ಮಾದರಿ ನಿಯಮಗಳಲ್ಲಿದೆಯಂತೆ. ನಮ್ಮಲ್ಲಿ ಅದು ಕಚೇರಿಯ ಬಾಗಿಲ ಪಕ್ಕದಲ್ಲಿ, ದೇವರ ಫೋಟೋದ ಕೆಳಗೆ ತೂಗುತ್ತಿತ್ತು. ಎಂಟನೆಯ ತರಗತಿಯಲ್ಲಿದ್ದಾಗ, ರಾತ್ರಿ ಶೌಚಾಲಯದ ಹಾದಿಯ ದೀಪ ಹಾಕಿಸಿ ಎಂದು ಒಂದು ಚೀಟಿ ಹಾಕಿದೆ. ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಾಗ, "ದೀಪದ ಸಾಹೇಬರು ಬಂದರು" ಎಂದು ಒಬ್ಬರು ನಕ್ಕರು. ಅಕ್ಷರ ಗುರುತು ಹಿಡಿದಿದ್ದರು. ದೀಪ ಹಾಕಿದರು, ಅದು ನಿಜ, ಆದರೆ ಆಮೇಲೆ ಆ ಪೆಟ್ಟಿಗೆಗೆ ನಾನು ಕೈ ಹಾಕಲಿಲ್ಲ. ಮುಂದೆ ಜಿಲ್ಲೆಯ ಅಧಿಕಾರಿಯೊಬ್ಬರು ಬಂದು ಪೆಟ್ಟಿಗೆಯನ್ನು ಮಲಗುವ ಕೋಣೆಯ ಪಡಸಾಲೆಗೆ ಸರಿಸಿ, ಕೀಲಿಯನ್ನು ತಾವೇ ಒಯ್ದರು. ಮೊದಲ ವಾರ ಅದರಲ್ಲಿ ಸಿಕ್ಕ ಚೀಟಿಗಳು ಒಂದು ಹಿಡಿಯಷ್ಟಿದ್ದವು.

ಮಕ್ಕಳ ಸಮಿತಿಯೂ ಇತ್ತು. ಅದರಲ್ಲಿ ನಾವು ತೀರ್ಮಾನಿಸುತ್ತಿದ್ದದ್ದು ಆಗಸ್ಟ್ 15ಕ್ಕೆ ಯಾವ ಹಾಡಿಗೆ ಕುಣಿಯಬೇಕೆಂಬುದನ್ನು. ಯಾರು ಯಾವ ಶಾಲೆಗೆ, ಯಾರು ಬೇರೆ ಜಿಲ್ಲೆಗೆ ಎಂಬ ಮಾತು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಹತ್ತನೆಯದು ಪಾಸಾದಾಗ ನನಗೆ ಐಟಿಐ ಸೇರುವ ಆಸೆಯಿತ್ತು. ಕಾಲೇಜು ಹತ್ತಿರ, ಫೀ ಇಲ್ಲ, ಹಿಂದಿನ ಹುಡುಗರೂ ಅಲ್ಲೇ ಹೋಗಿದ್ದಾರೆ ಎಂದು ಪಿಯುಸಿ ಕಲಾ ವಿಭಾಗಕ್ಕೆ ಹಾಕಿದರು. ಎರಡು ವರ್ಷ ಕಳೆದು, ಹೊರಗೆ ಬಂದ ಮೇಲೆ ಐಟಿಐ ಮಾಡಿದೆ. ಯಾರಿಗೂ ನನ್ನ ಮೇಲೆ ದ್ವೇಷವಿರಲಿಲ್ಲ. ಪ್ರತಿ ಮಗುವಿಗೂ ಒಂದು ವೈಯಕ್ತಿಕ ಆರೈಕೆ ಯೋಜನೆ ಇರಬೇಕು, ಅದರ ನಮೂನೆಯಲ್ಲಿ 'ಆರೈಕೆ ಮತ್ತು ರಕ್ಷಣೆಯಿಂದ ಮಗುವಿನ ನಿರೀಕ್ಷೆ' ಎಂಬ ಸಾಲೂ ಇದೆ ಎಂದು ಈಗ ಓದಿ ತಿಳಿದಿದ್ದೇನೆ. ನನ್ನದರಲ್ಲಿ ಆ ಸಾಲಿನ ಮುಂದೆ ಏನು ಬರೆದಿದ್ದರೋ.

ಅಕ್ಕೋರೇ, ಆ ಹುಡುಗಿಯ ಆರೈಕೆ ಯೋಜನೆಯನ್ನು ಅವಳಿಗೆ ಓದಿ ತೋರಿಸಲು ಕೇಳಿರಿ. ಸಮಿತಿ ಅವಳನ್ನು ಮಾತನಾಡಿಸುವಾಗ ಗೃಹದವರೂ ಆಯಿಯೂ ನೀವೂ ಕೋಣೆಯ ಹೊರಗಿರುವಂತೆ ವಿನಂತಿಸಿರಿ.

ನವಲಗುಂದದ ಓದುಗ

ಎಲ್ಲರೂ ಹಕ್ಕಿನ ಮಾತನಾಡುತ್ತಿದ್ದೀರಿ. ಹದಿನೈದರ ಮಗುವಿಗೆ ತನ್ನ ಒಳಿತು ಎಷ್ಟು ತಿಳಿದೀತು? ನಮ್ಮ ಮನೆಗಳಲ್ಲಿ ಮಕ್ಕಳು ಎಲ್ಲಿರಬೇಕೆಂದು ನಾವು ಅವರನ್ನು ಕೇಳುತ್ತೇವೆಯೇ? ಸುರಕ್ಷಿತವಾದ ಸೂರು, ಊಟ, ಶಾಲೆ ಸಿಕ್ಕಿರುವಾಗ ಮತ್ತೆ ಅದೇ ಊರಿಗೆ ಕರೆತಂದು ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರು?

ಆಪ್ತಸಮಾಲೋಚಕಿ, ಹಾವೇರಿ

ನವಲಗುಂದದ ಸಹೋದರರ ಕೊನೆಯ ಪ್ರಶ್ನೆ ಸರಿಯಾದದ್ದು, ಹೊಣೆ ದೊಡ್ಡವರದೇ. ಅದಕ್ಕಾಗಿಯೇ ನಾನು ಮಕ್ಕಳಿಗೆ "ಎಲ್ಲಿರುತ್ತೀ, ಯಾರ ಹತ್ತಿರ ಇರುತ್ತೀ?" ಎಂದು ನೇರವಾಗಿ ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಆ ಪ್ರಶ್ನೆ ಅಜ್ಜಿಯನ್ನೋ ತಂದೆಯನ್ನೋ ತಕ್ಕಡಿಗೆ ಹಾಕು ಎಂದು ಮಗುವಿಗೆ ಹೇಳಿದಂತೆ. ಒಬ್ಬರನ್ನು ಆರಿಸಿದರೆ ಇನ್ನೊಬ್ಬರಿಗೆ ದ್ರೋಹ ಮಾಡಿದೆನೆಂಬ ಭಾರ ಅದರ ತಲೆಯ ಮೇಲೆ ಕೂರುತ್ತದೆ. ಬೆಳಿಗ್ಗೆ ಎದ್ದಾಗ ಮೊದಲು ಯಾರ ಮುಖ ನೋಡಬೇಕೆನಿಸುತ್ತದೆ, ಜ್ವರ ಬಂದಾಗ ಯಾರಿಗೆ ಹೇಳುತ್ತೀ, ಶಾಲೆಯಿಂದ ಬರುವಾಗ ಯಾವ ಓಣಿಯಲ್ಲಿ ಹೆದರಿಕೆಯಾಗುತ್ತದೆ ಎಂದು ಕೇಳಿದರೆ ಅದೇ ವಿಷಯ ತಾನಾಗಿ ಹೊರಬರುತ್ತದೆ, ತೀರ್ಮಾನದ ಹೊರೆ ಮಾತ್ರ ನಮ್ಮ ಹೆಗಲ ಮೇಲೆಯೇ ಉಳಿಯುತ್ತದೆ.

ಮಕ್ಕಳಿಗೆ ತಿಳಿಯದು ಎನ್ನುವ ಮಾತಿಗೆ ಒಂದು ನೆನಪು ಹೇಳುತ್ತೇನೆ. ಬಸ್ ನಿಲ್ದಾಣದಲ್ಲಿ ಒಬ್ಬನೇ ಸಿಕ್ಕ ಏಳೆಂಟು ವರ್ಷದ ಹುಡುಗನೊಬ್ಬ ಮೂರು ದಿನ ಬಾಯಿ ಬಿಟ್ಟಿರಲಿಲ್ಲ. 'ಮಗು ಪ್ರತಿಕ್ರಿಯಿಸುತ್ತಿಲ್ಲ' ಎಂದು ಕಾಗದದಲ್ಲಿ ಬರೆದಾಗಿತ್ತು. ಅಡುಗೆಯ ಅಕ್ಕ ಪಲ್ಯಕ್ಕೆ ಮೆಣಸಿನಕಾಯಿ ಹೆಚ್ಚುತ್ತ ತಾಂಡಾದ ತನ್ನ ಭಾಷೆಯಲ್ಲಿ ಏನೋ ಗುನುಗಿದಾಗ ಅವನು ಓಡಿಬಂದು ಅವಳ ಸೆರಗು ಹಿಡಿದ. ಅವನ ಮಾತು ಲಂಬಾಣಿ. ನಾವು ಮೂರು ದಿನ ಕನ್ನಡದಲ್ಲಿ ಕೇಳುತ್ತಿದ್ದೆವು. ತಾನು ಯಾವ ತಾಂಡಾದವನು, ಕಬ್ಬು ಕಡಿಯಲು ಹೋದ ತಂದೆತಾಯಿ ಯಾವ ಗಾಡಿಯಲ್ಲಿ ಹೋದರು ಎಂಬುದೆಲ್ಲವೂ ಅವನಿಗೆ ಗೊತ್ತಿತ್ತು. ಭಾಷಾಂತರಕಾರರನ್ನು ಕರೆಸಲು ಅವಕಾಶವಿದ್ದರೂ ಕರೆಸಬೇಕೆಂಬುದು ನಮ್ಮ ತಲೆಗೆ ಹೋಗಿರಲಿಲ್ಲ.

ಶಿಕ್ಷಕಿಯವರಿಗೆ ನನ್ನ ಸಲಹೆ ಎರಡೇ. ಮೊದಲನೆಯದು, ಇನ್ನೂ ಯಾವುದು ತೀರ್ಮಾನವಾಗಿಲ್ಲ, ಯಾವುದು ಆಗಿಹೋಗಿದೆ ಎಂಬುದನ್ನು ಅವಳಿಗೆ ಮುಂಚೆಯೇ ಬಿಡಿಸಿ ಹೇಳಿ. ಆಗಿಹೋದದ್ದರ ಬಗ್ಗೆ ಅಭಿಪ್ರಾಯ ಕೇಳುವುದು ಮಗುವಿಗೆ ಮಾಡುವ ಅವಮಾನ. ಎರಡನೆಯದು, ತೀರ್ಮಾನ ಅವಳು ಕೇಳಿದ್ದಕ್ಕೆ ವಿರುದ್ಧವಾಗಿ ಬಂದರೆ ಏಕೆ ಹಾಗಾಯಿತೆಂದು ಸಮಿತಿಯೇ ಅವಳಿಗೆ ಹೇಳುವಂತೆ ಕೇಳಿಕೊಳ್ಳಿ. ಬೇಡ ಎಂದದ್ದನ್ನು ಹುಡುಗಿಯರು ತಾಳಿಕೊಳ್ಳುತ್ತಾರೆ, ಕಾರಣ ಹೇಳದೆ ಬೇಡವೆಂದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ. ಹಾಗೆಯೇ ಅವಳು ಮುಂದಿನ ತಿಂಗಳು ಮನಸ್ಸು ಬದಲಿಸಿದರೆ, ಮೊದಲು ಹೇಳಿದ್ದು ಸುಳ್ಳೆಂದು ಯಾರೂ ತಿಳಿಯಬಾರದು.

ಸಮಿತಿಯ ಮಾಜಿ ಸದಸ್ಯ, ಧಾರವಾಡ

ಹುಬ್ಬಳ್ಳಿಯ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ನಾನೂ "ಚಲೋ ಅದಿಯೇನು" ಎಂದು ಕೇಳಿದವನೇ. ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿದ್ದು ನೆನಪಿಲ್ಲ.

ಗದಗ ಗಣಿತ ಶಿಕ್ಷಕಿ (ಮೂರು ವಾರಗಳ ನಂತರ)

ಎಲ್ಲರಿಗೂ ವಂದನೆಗಳು. ನಡೆದದ್ದನ್ನು ತಿಳಿಸುತ್ತೇನೆ.

ಅರ್ಜಿ ಕೊಡುವ ಮೊದಲು ಅವಳನ್ನು ಮತ್ತೆ ಭೇಟಿಯಾಗಿ, ಮಾವನ ಮನೆ ಅದೇ ಊರಿನಲ್ಲಿದೆಯಲ್ಲ ಎಂದು ಕೇಳಿದೆ. ಅವಳು ಅದನ್ನು ನನಗಿಂತ ಮೊದಲೇ ಯೋಚಿಸಿದ್ದಳು. ಹಾಸ್ಟೆಲ್‌ನಿಂದ ಶಾಲೆಗೆ ಹೋಗುವ ದಾರಿಯಲ್ಲಿ ಮಾವನ ಓಣಿ ಬರುವುದಿಲ್ಲ, ಹಾಸ್ಟೆಲ್‌ನ ಹನ್ನೊಂದು ಹುಡುಗಿಯರು ನಮ್ಮ ಶಾಲೆಯವರೇ ಆದ್ದರಿಂದ ಒಬ್ಬಳೇ ನಡೆಯುವ ಪ್ರಸಂಗವಿಲ್ಲ, ಸಂತೆಯ ದಿನ ಮಾತ್ರ ಹೆದರಿಕೆ ಎಂದಳು. ರಫ್ ವಹಿಯಲ್ಲಿ ದಾರಿಯ ನಕ್ಷೆಯನ್ನೂ ಬರೆದು ಕೊಟ್ಟಳು. ಅದನ್ನೂ ಲಗತ್ತಿಸಿದೆ.

ಸಮಿತಿಯವರು ಅವಳೊಬ್ಬಳನ್ನೇ ಒಳಗೆ ಕರೆದು ಮಾತನಾಡಿಸಿದರು. ನಾವೆಲ್ಲ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆವು. ಪಕ್ಕದಲ್ಲಿ ಕುಳಿತ ಆಯಿ, ಶಕ್ತಿ ಯೋಜನೆಯ ಬಸ್ಸಿಗೆಂದು ತಂದಿದ್ದ ಆಧಾರ್ ಕಾರ್ಡನ್ನು ಸೆರಗಿನ ಗಂಟಿನಿಂದ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದಳು. ಹಾಸ್ಟೆಲ್ಲಿಗೆ ಭೇಟಿ ಕೊಟ್ಟು ವರದಿ ತರಿಸಿಕೊಂಡ ಮೇಲೆ, ಪರೀಕ್ಷೆ ಮುಗಿಯುವವರೆಗೆ ಅದನ್ನು ಯೋಗ್ಯ ಸಂಸ್ಥೆಯೆಂದು ಮಾನ್ಯ ಮಾಡಿ ಅಲ್ಲಿರಲು ಆದೇಶವಾಗಿದೆ. ಸಂತೆಯ ದಿನ ವಾರ್ಡನ್ ಜೊತೆಗೆ ಕಳುಹಿಸಬೇಕು. ಆಯಿ ತಿಂಗಳಿಗೆ ಎರಡು ಭಾನುವಾರ ಹಾಸ್ಟೆಲ್‌ಗೆ ಬಂದು ನೋಡಬಹುದು. ಜಾತ್ರೆಗೆ ಒಂದು ದಿನ ಆಯಿಯ ಜೊತೆ ಹೋಗಿಬರುತ್ತೇನೆಂದು ಅವಳು ಸಮಿತಿಯ ಮುಂದೆ ಹೊಸದಾಗಿ ಕೇಳಿದ್ದಳಂತೆ, ಅದಕ್ಕೆ ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲವೆಂದು ಅಧ್ಯಕ್ಷರು ಅವಳಿಗೇ ಹತ್ತು ನಿಮಿಷ ಕುಳಿತು ಹೇಳಿದರು. ಬಸ್ಸಿನಲ್ಲಿ ಬರುವಾಗ ಅರ್ಧ ದಾರಿ ಅವಳು ಮುಖ ಊದಿಸಿಕೊಂಡೇ ಕುಳಿತಿದ್ದಳು.

ಆದೇಶದ ಒಂದು ಪ್ರತಿಯನ್ನು ಅವಳ ಕೈಗೂ ಕೊಟ್ಟಿದ್ದಾರೆ, ಗಣಿತದ ವಹಿಯಲ್ಲಿ ಮಡಿಚಿಟ್ಟುಕೊಂಡಿದ್ದಾಳೆ. ನಿನ್ನೆ ತರಗತಿ ಮುಗಿದ ಮೇಲೆ ಅದನ್ನು ತೆಗೆದು, 'ಪುನರ್‌ಪರಿಶೀಲನೆ' ಎಂಬ ಪದದ ಮೇಲೆ ಬೆರಳಿಟ್ಟು ಹಾಗೆಂದರೇನು ಎಂದು ಕೇಳಿದಳು. ಪರೀಕ್ಷೆಯಾದ ಮೇಲೆ ನೀನು ಎಲ್ಲಿರಬೇಕೆಂದು ಮತ್ತೆ ನಿನ್ನನ್ನು ಕೇಳುತ್ತಾರೆ ಎಂದೆ. ಈಗ ಅವಳ ಪ್ರಶ್ನೆಯನ್ನೇ ಮಾಜಿ ಸದಸ್ಯರಿಗೆ ದಾಟಿಸುತ್ತಿದ್ದೇನೆ: ಆ ದಿನಕ್ಕೆ ಅವಳು ಹೊಸ ಹಾಳೆ ಬರೆದು ತಾನೇ ಅಂಚೆಯಲ್ಲಿ ಕಳುಹಿಸಬಹುದೇ, ಅಥವಾ ಮತ್ತೆ ನನ್ನ ಅರ್ಜಿಯ ಜೊತೆಗೇ ಹೋಗಬೇಕೇ?